ಅರ್ಥಶಾಸ್ತ್ರದಲ್ಲಿ ಸಂಶೋಧನೆ ಮಾಡಬೇಕೆ? ಡಿಗ್ರಿಯಿಂದ ಜರ್ನಲ್‌ವರೆಗಿನ ದಾರಿ

"ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡುತ್ತಿದ್ದೇನೆ, ಸಂಶೋಧನೆಗೆ ಹೋಗಬೇಕು ಅಂತ ಆಸೆ. ಎಲ್ಲಿಂದ ಶುರು ಮಾಡಲಿ?" ಈ ಪ್ರಶ್ನೆ ವರ್ಷಪೂರ್ತಿ ಬರುತ್ತಿರುತ್ತದೆ. ಅದರ ಬೆನ್ನಿಗೇ ಇನ್ನೊಂದು: "ಪೇಪರ್ ಪಬ್ಲಿಶ್ ಮಾಡೋದು ಹೇಗೆ? ಎಷ್ಟು ಪೇಪರ್ ಬೇಕು?" ಎರಡಕ್ಕೂ ಒಟ್ಟಿಗೆ ಉತ್ತರ ಇಲ್ಲಿದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. "ಎಷ್ಟು ಪೇಪರ್" ಎಂಬ ಲೆಕ್ಕದಿಂದ ಶುರು ಮಾಡಿದವರು ಹೆಚ್ಚಾಗಿ ದಾರಿ ತಪ್ಪುತ್ತಾರೆ. ಈ ವಿಷಯದಲ್ಲಿ ಒಂದು ಒಳ್ಳೆಯ ಪ್ರಬಂಧ ಯೋಚನೆಯಿಂದ ಅಚ್ಚಿನವರೆಗೆ ಬರಲು ಮೂರು-ನಾಲ್ಕು ವರ್ಷ ಹಿಡಿಯುವುದು ಮಾಮೂಲು. ಅವಸರಕ್ಕೆ ಬಿದ್ದು ಎಲ್ಲೆಲ್ಲೋ ಹಾಕಿಸಿದ ಹತ್ತು ಪ್ರಬಂಧಗಳಿಗಿಂತ, ಒಂದು ಪ್ರಶ್ನೆಗೆ ಗಟ್ಟಿ ಉತ್ತರ ಕೊಟ್ಟ ಒಂದೇ ಪ್ರಬಂಧ ನಿಮ್ಮನ್ನು ಜಾಸ್ತಿ ದೂರ ಕರೆದೊಯ್ಯುತ್ತದೆ. ಕೆಳಗಿನ ಹಂತಗಳನ್ನು ಈ ಲೆಕ್ಕದಲ್ಲೇ ಓದಿ.

ಹಂತ 1: ಗಣಿತದ ಸಾಲ ಮೊದಲು ತೀರಿಸಿ

ನಮ್ಮಲ್ಲಿ ಪಿಯುಸಿಯಲ್ಲಿ ಆರ್ಟ್ಸ್ ಓದಿ, ಬಿ.ಎ.ಯಲ್ಲಿ ಇತಿಹಾಸ-ಅರ್ಥಶಾಸ್ತ್ರ-ರಾಜ್ಯಶಾಸ್ತ್ರ ಮಾಡಿ ಬಂದವರು ತುಂಬಾ ಜನ. ಇವರಿಗೆ ಗಣಿತ ಬಿಟ್ಟು ನಾಲ್ಕೈದು ವರ್ಷ ಆಗಿರುತ್ತದೆ. ಆದರೆ ಇವತ್ತಿನ ಅರ್ಥಶಾಸ್ತ್ರದ ಸಂಶೋಧನೆ ಗಣಿತ, ಸಂಖ್ಯಾಶಾಸ್ತ್ರ ಇಲ್ಲದೆ ಒಂದು ಹೆಜ್ಜೆಯೂ ನಡೆಯುವುದಿಲ್ಲ. ಕ್ಯಾಲ್ಕುಲಸ್, ಲೀನಿಯರ್ ಆಲ್ಜೀಬ್ರಾ, ಸಂಭಾವ್ಯತೆ, ಸಂಖ್ಯಾಶಾಸ್ತ್ರ ಈ ನಾಲ್ಕು ಕನಿಷ್ಠ. ವಿದೇಶದಲ್ಲಿ ಪಿಎಚ್.ಡಿ. ಮಾಡುವ ಯೋಚನೆ ಇದ್ದರೆ ರಿಯಲ್ ಅನಾಲಿಸಿಸ್ ಕೂಡ ಬೇಕು. ಕ್ಯಾಲ್ಕುಲಸ್‌ನಲ್ಲಿ ಸುಮ್ನೆ ಬಳಸುವ ಸೂತ್ರಗಳನ್ನು ಅಲ್ಲಿ ಬುಡದಿಂದ ಸಾಧಿಸಿ ತೋರಿಸುತ್ತಾರೆ.

ನಿಮ್ಮ ಮಟ್ಟ ತಿಳಿಯಲು ಸುಲಭ ಉಪಾಯ ಇದೆ. ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ನ ಎಂ.ಎಸ್. ಕ್ವಾಂಟಿಟೇಟಿವ್ ಎಕನಾಮಿಕ್ಸ್ ಪ್ರವೇಶ ಪರೀಕ್ಷೆಯ ಹಳೆಯ ಪ್ರಶ್ನೆಪತ್ರಿಕೆಗಳು ಸಂಸ್ಥೆಯ ಜಾಲತಾಣದಲ್ಲೇ ಸಿಗುತ್ತವೆ. ಒಂದು ಪತ್ರಿಕೆ ಗಣಿತದ್ದು, ಇನ್ನೊಂದು ಅರ್ಥಶಾಸ್ತ್ರದ್ದು. ಗಡಿಯಾರ ಇಟ್ಟುಕೊಂಡು ಮಾಡಿ ನೋಡಿ. ಅರ್ಧದಷ್ಟೂ ಬರದಿದ್ದರೆ ಹೆದರಬೇಡಿ. ಎಲ್ಲಿ ಸಿಕ್ಕಿಕೊಂಡಿರಿ ಎಂದು ಗುರುತು ಹಾಕಿ, ಅಲ್ಲಿಂದ ಓದಲು ಶುರು ಮಾಡಿ. ದಿನಕ್ಕೆ ಎರಡು ಗಂಟೆ ನಿಯತ್ತಾಗಿ ಕೂತರೆ ಒಂದು ವರ್ಷದಲ್ಲಿ ಅಂತರ ಕಾಣುತ್ತದೆ.

ಎಚ್ಚರಿಕೆ: "ಸಾಫ್ಟ್‌ವೇರ್ ಇದೆಯಲ್ಲ, ಅದೇ ಲೆಕ್ಕ ಮಾಡುತ್ತದೆ" ಎಂಬ ಸಮಾಧಾನ ಬೇಡ. ಸಾಫ್ಟ್‌ವೇರ್ ಯಾವ ಅಸಂಬದ್ಧ ಪ್ರಶ್ನೆಗೂ ಒಂದು ಅಂಕಿ ಕೊಟ್ಟೇ ಕೊಡುತ್ತದೆ. ಆ ಅಂಕಿಗೆ ಅರ್ಥ ಇದೆಯೋ ಇಲ್ಲವೋ ಎಂದು ಹೇಳಬೇಕಾದವರು ನೀವು.

ಹಂತ 2: ಎಂ.ಎ. ಎಲ್ಲಿ?

ಸ್ಥಳ ಮುಖ್ಯ. ಅಲ್ಲಿನ ಕಟ್ಟಡಕ್ಕಲ್ಲ, ಅಲ್ಲಿ ಪಾಠ ಮಾಡುವವರು ಸ್ವತಃ ಸಂಶೋಧನೆ ಮಾಡುತ್ತಿದ್ದಾರಾ ಎಂಬುದಕ್ಕೆ. ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್, ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ನ ಕೋಲ್ಕತಾ ಮತ್ತು ದೆಹಲಿ ಕೇಂದ್ರಗಳು, ಮುಂಬೈನಲ್ಲಿ ರಿಸರ್ವ್ ಬ್ಯಾಂಕ್ 1987ರಲ್ಲಿ ಸ್ಥಾಪಿಸಿದ ಇಂದಿರಾ ಗಾಂಧಿ ಅಭಿವೃದ್ಧಿ ಸಂಶೋಧನಾ ಸಂಸ್ಥೆ, ಮದ್ರಾಸ್ ಸ್ಕೂಲ್ ಆಫ್ ಎಕನಾಮಿಕ್ಸ್, ತಿರುವನಂತಪುರದ ಸೆಂಟರ್ ಫಾರ್ ಡೆವಲಪ್‌ಮೆಂಟ್ ಸ್ಟಡೀಸ್ ಇವು ಹೆಸರು ಮಾಡಿದ ಜಾಗಗಳು. ಬೆಂಗಳೂರಲ್ಲೇ ಇರಬೇಕು ಅನ್ನುವವರಿಗೆ ಡಾ. ಬಿ.ಆರ್. ಅಂಬೇಡ್ಕರ್ ಸ್ಕೂಲ್ ಆಫ್ ಎಕನಾಮಿಕ್ಸ್ ವಿಶ್ವವಿದ್ಯಾಲಯ, ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ ಇವೆ. ಪಿಎಚ್.ಡಿ.ಗೆ ನಾಗರಭಾವಿಯ ಐಸೆಕ್, ಅಂದರೆ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಅಧ್ಯಯನ ಸಂಸ್ಥೆ ಇದೆ. ದೆಹಲಿ ಸ್ಕೂಲ್ ಕಟ್ಟಿದ ವಿ.ಕೆ.ಆರ್.ವಿ. ರಾವ್ ಅವರೇ 1972ರಲ್ಲಿ ಇದನ್ನೂ ಕಟ್ಟಿದರು. ಬಳ್ಳಾರಿಯಿಂದ ಲೋಕಸಭೆಗೆ ಹೋದವರೂ ಅವರೇ.

ಈಗಾಗಲೇ ಊರಿನ ಹತ್ತಿರದ ವಿಶ್ವವಿದ್ಯಾಲಯದಲ್ಲಿ ಎಂ.ಎ. ಮಾಡುತ್ತಿದ್ದೀರಾ? ಬಿಟ್ಟು ಓಡಬೇಕಾಗಿಲ್ಲ. ಆದರೆ ಇಕನಾಮೆಟ್ರಿಕ್ಸ್ ಪತ್ರಿಕೆಯನ್ನು ಗೈಡ್ ಓದಿ ಪಾಸಾಗಬೇಡಿ. ದತ್ತಾಂಶದಿಂದ ಆರ್ಥಿಕ ಸಂಬಂಧಗಳನ್ನು ಅಳೆಯುವ ಈ ವಿದ್ಯೆಯೇ ಮುಂದೆ ನಿಮ್ಮ ಕೈಯ ಕೆಲಸ. ಜತೆಗೆ ಆರ್ ಎಂಬ ಉಚಿತ ಸಾಫ್ಟ್‌ವೇರ್ ಕಲಿಯಿರಿ. ಸ್ಟಾಟಾ ಎಂಬುದು ಅರ್ಥಶಾಸ್ತ್ರಜ್ಞರಲ್ಲಿ ಜಾಸ್ತಿ ಚಾಲ್ತಿಯಲ್ಲಿದೆ, ಆದರೆ ದುಡ್ಡು ಕೊಟ್ಟು ಕೊಳ್ಳಬೇಕು.

ಹಂತ 3: ಬೇರೆಯವರ ಪ್ರಬಂಧವನ್ನು ಮತ್ತೆ ಮಾಡಿ ನೋಡಿ

ಸ್ವಂತ ಪ್ರಬಂಧ ಬರೆಯುವ ಮುಂಚೆ, ಪ್ರಕಟವಾದ ಒಂದು ಪ್ರಬಂಧವನ್ನು ಆರಿಸಿ, ಅದರ ದತ್ತಾಂಶ ಇಳಿಸಿಕೊಂಡು, ಅದರ ಕೋಷ್ಟಕಗಳು ನಿಮಗೂ ಬರುತ್ತವಾ ನೋಡಿ. ಇದನ್ನು ರೆಪ್ಲಿಕೇಶನ್ ಅನ್ನುತ್ತಾರೆ. ಅಮೆರಿಕನ್ ಎಕನಾಮಿಕ್ ಅಸೋಸಿಯೇಶನ್‌ನ ಜರ್ನಲ್‌ಗಳಲ್ಲಿ, ಅಂದರೆ ಸಂಶೋಧನಾ ಪತ್ರಿಕೆಗಳಲ್ಲಿ, ಬಂದ ಪ್ರಬಂಧಗಳ ದತ್ತಾಂಶ ಮತ್ತು ಕೋಡ್ ಬಹುಮಟ್ಟಿಗೆ ಉಚಿತವಾಗಿ ಸಿಗುತ್ತವೆ. ಕಲಿಯಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ.

ಇದು ಬರೀ ವಿದ್ಯಾರ್ಥಿಗಳ ಅಭ್ಯಾಸ ಅಂದುಕೊಳ್ಳಬೇಡಿ. ಸರ್ಕಾರದ ಸಾಲ ಜಿಡಿಪಿಯ ಶೇ. 90 ದಾಟಿದರೆ ಬೆಳವಣಿಗೆ ಕುಸಿಯುತ್ತದೆ ಎಂದು ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೋಗೋಫ್ 2010ರಲ್ಲಿ ಬರೆದರು. ಹಲವು ದೇಶಗಳ ರಾಜಕಾರಣಿಗಳು ಅದನ್ನು ಹಿಡಿದು ಖರ್ಚು ಕಡಿತಕ್ಕೆ ವಾದ ಮಾಡಿದರು. 2013ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಆಮ್‌ಹರ್ಸ್ಟ್ ಕ್ಯಾಂಪಸ್‌ನ ವಿದ್ಯಾರ್ಥಿ ಥಾಮಸ್ ಹರ್ನ್‌ಡನ್ ತರಗತಿಯ ಕೆಲಸಕ್ಕೆಂದು ಅದೇ ಲೆಕ್ಕ ಮಾಡಲು ಹೋದ. ಅಂಕಿಗಳು ಹೊಂದಲಿಲ್ಲ. ಮೂಲ ಎಕ್ಸೆಲ್ ಕಡತ ತರಿಸಿ ನೋಡಿದರೆ, ಸರಾಸರಿ ತೆಗೆಯುವಾಗ ಕೆಲವು ದೇಶಗಳ ಸಾಲುಗಳೇ ಬಿಟ್ಟುಹೋಗಿದ್ದವು. ಉಳಿದ ಕೆಲವು ಆಯ್ಕೆಗಳೂ ಪ್ರಶ್ನೆಗೆ ಒಳಗಾದವು. ಅಷ್ಟು ದೊಡ್ಡ ಹೆಸರಿನವರ ಲೆಕ್ಕವನ್ನು ಒಬ್ಬ ವಿದ್ಯಾರ್ಥಿ ತಿದ್ದಿದ.

ಎಂ.ಎ. ಆದಮೇಲೆ ಒಂದೆರಡು ವರ್ಷ ಸಂಶೋಧನಾ ಸಹಾಯಕರಾಗಿ ದುಡಿಯುವುದೂ ಒಳ್ಳೆಯದು. ಬಡತನದ ಬಗ್ಗೆ ಸಂಶೋಧನೆ ಮಾಡುವ ಜೆ-ಪಾಲ್ ದಕ್ಷಿಣ ಏಷ್ಯಾದಂತಹ ಸಂಸ್ಥೆಗಳು, ಐಐಎಂಗಳ ಪ್ರಾಧ್ಯಾಪಕರು ಇಂಥ ಹುದ್ದೆಗಳಿಗೆ ಅರ್ಜಿ ಕರೆಯುತ್ತಾರೆ. ಹಳ್ಳಿಗಳಲ್ಲಿ ಸಮೀಕ್ಷೆ ಮಾಡಿಸುವ ಕೆಲಸಕ್ಕೆ ಕನ್ನಡ ಚೆನ್ನಾಗಿ ಬರುವವರೇ ಬೇಕಾಗುತ್ತಾರೆ. ಕಿರುಸಾಲ (ಮೈಕ್ರೋಫೈನಾನ್ಸ್) ಸಿಗುತ್ತದೆ ಎಂಬ ಸುದ್ದಿ ಊರಲ್ಲಿ ಒಬ್ಬರಿಂದ ಒಬ್ಬರಿಗೆ ಹೇಗೆ ಹರಡುತ್ತದೆ ಎಂದು ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮತ್ತು ಸಂಗಡಿಗರು ಮಾಡಿದ, 2013ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಅಧ್ಯಯನ ನಡೆದದ್ದು ದಕ್ಷಿಣ ಕರ್ನಾಟಕದ ಹಳ್ಳಿಗಳಲ್ಲೇ. ಯಾರು ಯಾರ ಮನೆಗೆ ಹೋಗುತ್ತಾರೆ, ಯಾರ ಹತ್ತಿರ ಅಕ್ಕಿ-ಸೀಮೆಎಣ್ಣೆ ಸಾಲ ಕೇಳುತ್ತಾರೆ ಎಂದು ಮನೆಮನೆಗೂ ಹೋಗಿ ಕೇಳಿದ್ದರಿಂದಲೇ ಅದು ಸಾಧ್ಯವಾಯಿತು.

ಹಂತ 4: ಪಿಎಚ್.ಡಿ.

ಭಾರತದಲ್ಲಿ ಮಾಡುವುದಾದರೆ ಯುಜಿಸಿ ನೆಟ್ ಎಂಬ ರಾಷ್ಟ್ರೀಯ ಅರ್ಹತಾ ಪರೀಕ್ಷೆ ಬರೆಯಿರಿ. ವರ್ಷಕ್ಕೆ ಎರಡು ಸಲ, ಜೂನ್ ಮತ್ತು ಡಿಸೆಂಬರ್ ಆವೃತ್ತಿಗಳಲ್ಲಿ ನಡೆಯುತ್ತದೆ. ಮೇಲಿನ ಅಂಕ ಪಡೆದವರಿಗೆ ಜೆಆರ್‌ಎಫ್ ಸಿಗುತ್ತದೆ. ಇದು ಸಂಶೋಧನೆಗೆಂದು ಕೊಡುವ ಮಾಸಿಕ ಫೆಲೋಶಿಪ್. 2023ರ ಜನವರಿಯಿಂದ ಜಾರಿಗೆ ಬಂದ ದರದಂತೆ ಮೊದಲ ಎರಡು ವರ್ಷ ತಿಂಗಳಿಗೆ ₹37,000, ಆಮೇಲೆ ₹42,000. 2022ರ ಯುಜಿಸಿ ನಿಯಮದಂತೆ ಪಿಎಚ್.ಡಿ.ಗೆ ಕನಿಷ್ಠ ಮೂರು ವರ್ಷ, ಗರಿಷ್ಠ ಆರು ವರ್ಷ. ಥೀಸಿಸ್ ಸಲ್ಲಿಸುವ ಮೊದಲು ಪ್ರಬಂಧ ಪ್ರಕಟಿಸಲೇಬೇಕು ಎಂಬ ಹಳೆಯ ಕಡ್ಡಾಯವನ್ನು ಅದೇ ನಿಯಮ ತೆಗೆದುಹಾಕಿತು. ನಿಮ್ಮ ವಿಶ್ವವಿದ್ಯಾಲಯ ತನ್ನದೇ ನಿಯಮ ಇಟ್ಟುಕೊಂಡಿರಬಹುದು, ಕೇಳಿ ತಿಳಿದುಕೊಳ್ಳಿ.

ಗೈಡ್, ಅಂದರೆ ಪಿಎಚ್.ಡಿ. ಮಾರ್ಗದರ್ಶಕರನ್ನು ಆರಿಸುವುದು ವಿಷಯ ಆರಿಸುವುದಕ್ಕಿಂತ ದೊಡ್ಡ ನಿರ್ಧಾರ. ಅವರ ಹತ್ತಿರ ಈಗಾಗಲೇ ಪಿಎಚ್.ಡಿ. ಮಾಡುತ್ತಿರುವವರನ್ನು ಭೇಟಿ ಮಾಡಿ ಮೂರು ಪ್ರಶ್ನೆ ಕೇಳಿ. ಕರಡು ಕೊಟ್ಟರೆ ಎಷ್ಟು ದಿನದಲ್ಲಿ ಓದಿ ಕೊಡುತ್ತಾರೆ? ಮುಗಿಸಿದವರು ಈಗ ಎಲ್ಲಿದ್ದಾರೆ? ಗೈಡ್ ಕಳೆದ ಐದು ವರ್ಷದಲ್ಲಿ ಸ್ವತಃ ಏನು ಬರೆದಿದ್ದಾರೆ? ಅವರ ವಿದ್ಯಾರ್ಥಿಗಳ ಥೀಸಿಸ್‌ಗಳನ್ನು ಶೋಧಗಂಗಾದಲ್ಲಿ ತೆರೆದು ಓದಿ. ಭಾರತದ ವಿಶ್ವವಿದ್ಯಾಲಯಗಳ ಥೀಸಿಸ್‌ಗಳನ್ನು ಕೂಡಿಟ್ಟಿರುವ ಉಚಿತ ಭಂಡಾರ ಅದು.

ಅಮೆರಿಕಕ್ಕೆ ಹೋಗುವ ಆಸೆ ಇದ್ದರೆ ಖರ್ಚಿನ ಭಯ ಬೇಡ. ಒಳ್ಳೆಯ ವಿಭಾಗಗಳು ಪಿಎಚ್.ಡಿ. ವಿದ್ಯಾರ್ಥಿಗಳ ಫೀಸು ಮನ್ನಾ ಮಾಡಿ, ಜೀವನಕ್ಕೆ ಸ್ಟೈಪೆಂಡ್ ಕೊಡುತ್ತವೆ. ದುಡ್ಡು ಕೊಡದೆ ಬರೀ ಸೀಟು ಕೊಟ್ಟರೆ ಸಾಲ ಮಾಡಿ ಹೋಗಬೇಡಿ. ಐದಾರು ವರ್ಷದ ಕಾರ್ಯಕ್ರಮ ಅದು. ಮೊದಲ ವರ್ಷ ಪೂರ್ತಿ ಮೈಕ್ರೋ, ಮ್ಯಾಕ್ರೋ, ಇಕನಾಮೆಟ್ರಿಕ್ಸ್ ಪಾಠ. ಕೊನೆಗೆ ಅರ್ಹತಾ ಪರೀಕ್ಷೆ. ಆಯ್ಕೆಯಲ್ಲಿ ಶಿಫಾರಸು ಪತ್ರಕ್ಕೆ ತೂಕ ಜಾಸ್ತಿ. ಅದಕ್ಕೇ ಮೂರನೇ ಹಂತದ ಸಂಶೋಧನಾ ಸಹಾಯಕ ಹುದ್ದೆಯನ್ನು ಅಷ್ಟು ಒತ್ತಿ ಹೇಳಿದ್ದು. ನಿಮ್ಮ ಕೆಲಸ ಹತ್ತಿರದಿಂದ ನೋಡಿದವರು ಬರೆದ ಪತ್ರ ಬೇಕು. ತರಗತಿಯಲ್ಲಿ ಫಸ್ಟ್ ಬಂದಿದ್ದರು ಎಂಬ ಎರಡು ಸಾಲು ಸಾಲದು.

ಹಂತ 5: ಪ್ರಶ್ನೆ ಹುಡುಕುವುದು

ಇಲ್ಲಿ ನಿಧಾನ ಮಾಡಿ. ಉಳಿದೆಲ್ಲಾ ಹಂತಗಳಿಗಿಂತ ಇದೇ ಕಷ್ಟ.

ನಮ್ಮ ವಿಶ್ವವಿದ್ಯಾಲಯಗಳಲ್ಲಿ ಥೀಸಿಸ್ ಶೀರ್ಷಿಕೆಗಳು ಬಹುಪಾಲು ಹೀಗಿರುತ್ತವೆ: "ಕರ್ನಾಟಕದಲ್ಲಿ ಮಹಿಳಾ ಸಬಲೀಕರಣ: ಒಂದು ಜಿಲ್ಲೆಯ ಅಧ್ಯಯನ". ಇದು ಪ್ರಶ್ನೆ ಅಲ್ಲ, ವಿಷಯ. ಪ್ರಶ್ನೆಗೆ ಕೊನೆಯಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಇರಬೇಕು. ಉತ್ತರ "ಹೌದು" ಆಗಬಹುದು, "ಇಲ್ಲ" ಆಗಬಹುದು, ಎರಡೂ ನಮಗೆ ಹೊಸದೇನನ್ನೋ ಹೇಳಬೇಕು.

ಒಂದು ಉದಾಹರಣೆ ಬಿಡಿಸಿ ನೋಡೋಣ. 2023ರ ಜೂನ್ 11ರಂದು ಕರ್ನಾಟಕದಲ್ಲಿ ಶಕ್ತಿ ಯೋಜನೆ ಶುರುವಾಯಿತು. ಸರ್ಕಾರಿ ಸಾಮಾನ್ಯ ಬಸ್‌ಗಳಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಟಿಕೆಟ್ ಉಚಿತ. ಪ್ರಶ್ನೆ: ಬಸ್ ಉಚಿತವಾದದ್ದರಿಂದ ಹೆಂಗಸರು ಸಂಬಳದ ಕೆಲಸಕ್ಕೆ ಹೋಗುವುದು ಹೆಚ್ಚಾಯಿತೇ?

ಯೋಜನೆಗೆ ಮುಂಚೆ ಇಷ್ಟು ಜನ ಕೆಲಸಕ್ಕೆ ಹೋಗುತ್ತಿದ್ದರು, ಆಮೇಲೆ ಇಷ್ಟು, ಆದ್ದರಿಂದ ಶಕ್ತಿಯ ಫಲ ಇಷ್ಟು. ಹೀಗೆ ಬರೆದರೆ ಅಲ್ಲೇ ಸೋತಿರಿ. ಕೋವಿಡ್ ನಂತರ ಎಲ್ಲ ಕಡೆಯೂ ಕೆಲಸ ಮರಳಿ ಬರುತ್ತಿತ್ತು. ಹಾಗಾಗಿ ಯೋಜನೆ ಇಲ್ಲದ ಜಾಗದಲ್ಲಿ ಅದೇ ಅವಧಿಯಲ್ಲಿ ಆದ ಬದಲಾವಣೆಯನ್ನು ಕಳೆಯಬೇಕು. ನಮ್ಮಲ್ಲಿ ಆದ ವ್ಯತ್ಯಾಸದಿಂದ ಅವರಲ್ಲಿ ಆದ ವ್ಯತ್ಯಾಸ ಕಳೆದು ಉಳಿದದ್ದೇ ಯೋಜನೆಯ ಫಲ ಎನ್ನುವ ಈ ವಿಧಾನಕ್ಕೆ ಡಿಫರೆನ್ಸ್-ಇನ್-ಡಿಫರೆನ್ಸಸ್ ಎಂದು ಹೆಸರು. ಯೋಜನೆ ಇರದಿದ್ದರೆ ಎರಡೂ ಜಾಗಗಳು ಒಂದೇ ಜಾಡಿನಲ್ಲಿ ಸಾಗುತ್ತಿದ್ದವು ಎಂಬುದು ಇದರ ಬುನಾದಿ. ಅದು ಅಲುಗಾಡಿದರೆ ಲೆಕ್ಕವೂ ಬೀಳುತ್ತದೆ.

ಹಾಗಾದರೆ ಹೋಲಿಕೆಗೆ ಯಾವ ರಾಜ್ಯ? ಮಹಾರಾಷ್ಟ್ರ ಅಂದಿರಾ? ಅಲ್ಲಿ 2023ರ ಮಾರ್ಚ್‌ನಲ್ಲೇ ಸರ್ಕಾರಿ ಬಸ್‌ಗಳಲ್ಲಿ ಮಹಿಳೆಯರಿಗೆ ಅರ್ಧ ಟಿಕೆಟ್ ಮಾಡಿದ್ದರು. ತಮಿಳುನಾಡು? ಅಲ್ಲಿ 2021ರ ಮೇ ತಿಂಗಳಿಂದಲೇ ಸಾಮಾನ್ಯ ಟೌನ್ ಬಸ್ ಉಚಿತ. ತೆಲಂಗಾಣದಲ್ಲಿ 2023ರ ಡಿಸೆಂಬರ್‌ನಲ್ಲಿ ಬಂತು. ಆಂಧ್ರದಲ್ಲಿ 2025ರ ಆಗಸ್ಟ್‌ವರೆಗೆ ಇರಲಿಲ್ಲ. ಇಷ್ಟು ತಿಳಿಯದೆ "ನೆರೆ ರಾಜ್ಯಗಳ ಸರಾಸರಿ" ಎಂದು ಹಾಕಿದರೆ ಫಲಿತಾಂಶಕ್ಕೆ ಬೆಲೆ ಇಲ್ಲ.

ಇನ್ನೂ ದೊಡ್ಡ ತೊಡಕು ಒಂದಿದೆ. ಶಕ್ತಿ ಬಂದು ಮೂರು ತಿಂಗಳಾಗುವ ಮುಂಚೆಯೇ, 2023ರ ಆಗಸ್ಟ್ 30ರಂದು ಗೃಹಲಕ್ಷ್ಮಿ ಶುರುವಾಯಿತು. ಮನೆಯೊಡತಿಗೆ ತಿಂಗಳಿಗೆ ₹2,000. ಆ ದುಡ್ಡು ಕೆಲಸಕ್ಕೆ ಹೋಗುವ ನಿರ್ಧಾರವನ್ನು ಬದಲಿಸಬಹುದು. ಕೂಲಿ ಬೇಡ ಎನಿಸಬಹುದು, ಅಥವಾ ಸ್ವಂತ ಹೊಲಿಗೆ ಯಂತ್ರ ಕೊಳ್ಳಲು ನೆರವಾಗಬಹುದು. ರಾಜ್ಯ-ರಾಜ್ಯ ಹೋಲಿಸಿದರೆ ಯಾವುದು ಬಸ್ಸಿನ ಫಲ, ಯಾವುದು ದುಡ್ಡಿನ ಫಲ ಎಂದು ಬೇರ್ಪಡಿಸಲು ಆಗುವುದಿಲ್ಲ.

ಇಲ್ಲೇ ಊರು ಬಲ್ಲವರಿಗೆ ಲಾಭ. ದಕ್ಷಿಣ ಕನ್ನಡ, ಉಡುಪಿಯಲ್ಲಿ ಓಡುವ ಬಸ್‌ಗಳಲ್ಲಿ ಖಾಸಗಿಯವೇ ಹೆಚ್ಚು. ಅಲ್ಲಿ ಶಕ್ತಿಯ ಅನುಕೂಲ ಕಡಿಮೆ, ಗೃಹಲಕ್ಷ್ಮಿ ಮಾತ್ರ ಎಲ್ಲ ಕಡೆಯಂತೆ ಬಂತು. ಅಂದರೆ ರಾಜ್ಯದ ಒಳಗೇ ಸರ್ಕಾರಿ ಬಸ್ ಹೆಚ್ಚಿರುವ ಮತ್ತು ಕಡಿಮೆ ಇರುವ ಜಾಗಗಳನ್ನು ಹೋಲಿಸಿದರೆ ಬಸ್ಸಿನ ಫಲ ಬೇರೆಯಾಗಿ ಕಾಣುವ ಸಾಧ್ಯತೆ ಇದೆ. ಕರಾವಳಿಯ ಆರ್ಥಿಕತೆಯೇ ಬೇರೆ, ಬೀಡಿ, ಮೀನು, ಗಲ್ಫ್ ದುಡ್ಡು ಎಲ್ಲ ಇದೆ ಎಂಬ ಆಕ್ಷೇಪ ಬಂದೇ ಬರುತ್ತದೆ. ಅದಕ್ಕೆ ಜಿಲ್ಲೆಯ ಬದಲು ತಾಲ್ಲೂಕು, ಮಾರ್ಗದ ಮಟ್ಟಕ್ಕೆ ಇಳಿಯಬೇಕು. ಹೀಗೆ ಒಂದೊಂದೇ ಆಕ್ಷೇಪವನ್ನು ನೀವೇ ಎತ್ತಿ ನೀವೇ ಉತ್ತರ ಹುಡುಕುವುದೇ ಸಂಶೋಧನೆಯ ದಿನನಿತ್ಯದ ಕೆಲಸ. ಇಷ್ಟವಾಗದಿದ್ದರೆ ಈ ವೃತ್ತಿ ಹಿಂಸೆ ಅನಿಸುತ್ತದೆ. ಇಷ್ಟವಾದರೆ ಇದಕ್ಕಿಂತ ಖುಷಿಯ ಕೆಲಸ ಕಡಿಮೆ.

ಹಂತ 6: ದತ್ತಾಂಶ

ದತ್ತಾಂಶಕ್ಕೆ ದುಡ್ಡು ಬೇಕೇ ಬೇಕು ಅಂತಿಲ್ಲ. ಕೇಂದ್ರ ಸಾಂಖ್ಯಿಕ ಸಚಿವಾಲಯದ ಮೈಕ್ರೋಡೇಟಾ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಿದರೆ ಸಮೀಕ್ಷೆಗಳ ಮೂಲ ದತ್ತಾಂಶ ಉಚಿತವಾಗಿ ಸಿಗುತ್ತದೆ. ಮೈಕ್ರೋಡೇಟಾ ಅಂದರೆ ಹೆಸರು ತೆಗೆದು, ಒಂದೊಂದು ಮನೆ, ಒಬ್ಬೊಬ್ಬ ವ್ಯಕ್ತಿಯ ಉತ್ತರ ಇರುವ ಕಡತ. ಉದ್ಯೋಗಕ್ಕೆ 2017ರಿಂದ ನಡೆಯುತ್ತಿರುವ ಪಿಎಲ್‌ಎಫ್‌ಎಸ್ ಎಂಬ ಕಾರ್ಮಿಕ ಬಲದ ಸಮೀಕ್ಷೆ, ಮನೆಖರ್ಚಿಗೆ 2022-23 ಮತ್ತು 2023-24ರ ಬಳಕೆ ವೆಚ್ಚದ ಸಮೀಕ್ಷೆ, ಸಮಯದ ಬಳಕೆಗೆ 2019 ಮತ್ತು 2024ರ ಸಮೀಕ್ಷೆಗಳು ಇವೆ. ನಮ್ಮ ಬಸ್ಸಿನ ಪ್ರಶ್ನೆಗೆ ಕೊನೆಯದು ತುಂಬಾ ಉಪಯುಕ್ತ: ಒಂದು ಯೋಜನೆಗೆ ಮುಂಚಿನದು, ಇನ್ನೊಂದು ಆಮೇಲಿನದು. ಆರೋಗ್ಯಕ್ಕೆ ಎನ್‌ಎಫ್‌ಎಚ್‌ಎಸ್ ಎಂಬ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಇದೆ, ಬ್ಯಾಂಕು-ಬೆಲೆಗಳಿಗೆ ರಿಸರ್ವ್ ಬ್ಯಾಂಕ್‌ನ ದತ್ತಾಂಶ ಭಂಡಾರ ಇದೆ.

ಮುಗ್ಗರಿಸುವ ಜಾಗಗಳು:

- ಸಮೀಕ್ಷೆಯ ವಿನ್ಯಾಸ ಓದದೆ ಜಿಲ್ಲಾವಾರು ಅಂಕಿ ತೆಗೆಯುವುದು. 2025ಕ್ಕೆ ಮುಂಚಿನ ಪಿಎಲ್‌ಎಫ್‌ಎಸ್ ಅನ್ನು ಜಿಲ್ಲೆಯ ಅಂದಾಜಿಗೆ ರೂಪಿಸಿರಲಿಲ್ಲ. ಕಡತದಲ್ಲಿ ಜಿಲ್ಲೆಯ ಕೋಡ್ ಇದೆ, ಆದರೆ ಒಂದೊಂದು ಜಿಲ್ಲೆಯಲ್ಲಿ ಮನೆಗಳು ಕಡಿಮೆ.
- ತೂಕ ಹಾಕುವುದನ್ನು ಮರೆಯುವುದು. ಸಮೀಕ್ಷೆಯ ಒಂದು ಮನೆ ಎಷ್ಟು ಮನೆಗಳ ಪರವಾಗಿ ನಿಂತಿದೆ ಎಂದು ಹೇಳುವ ಅಂಕಿ ಅದು.
- ಎಕ್ಸೆಲ್‌ನಲ್ಲಿ ಕೈಯಿಂದ ತಿದ್ದುವುದು. ಪ್ರತಿ ಬದಲಾವಣೆಯೂ ಕೋಡ್‌ನಲ್ಲಿರಲಿ. ಮೂಲ ಕಡತವನ್ನು ಮುಟ್ಟಲೇಬೇಡಿ. ಎರಡು ವರ್ಷದ ಮೇಲೆ ಜರ್ನಲ್‌ನವರು ಕೇಳಿದಾಗ ಅದೇ ಕೋಷ್ಟಕ ಮತ್ತೆ ಬರಬೇಕು.
- ಬೇಕಾದ ಫಲಿತಾಂಶ ಬರುವವರೆಗೆ ಲೆಕ್ಕ ಬದಲಿಸುತ್ತಾ ಹೋಗುವುದು. ಇಪ್ಪತ್ತು ಬಗೆಯಲ್ಲಿ ಮಾಡಿದರೆ ಏನೂ ಇಲ್ಲದ ಕಡೆಯೂ ಒಂದು "ಮಹತ್ವದ" ಫಲಿತಾಂಶ ಕಾಣಿಸಿಕೊಳ್ಳಬಹುದು. ಇದು ಮೋಸ. ನಿಮಗೆ ನೀವೇ ಮಾಡಿಕೊಳ್ಳುವ ಮೋಸವೂ ಹೌದು.

ಹಂತ 7: ಬರವಣಿಗೆ

ಮೊದಲ ಎರಡು ಪುಟದಲ್ಲಿ ಪ್ರಶ್ನೆ ಏನು, ಹೇಗೆ ಉತ್ತರಿಸಿದಿರಿ, ಏನು ಸಿಕ್ಕಿತು ಎಂದು ಅಂಕಿ ಸಮೇತ ಹೇಳಿಬಿಡಿ. ಹಿಂದಿನವರು ಬರೆದದ್ದನ್ನು "ಇವರು ಹೀಗೆಂದರು, ಅವರು ಹಾಗೆಂದರು" ಎಂದು ಹತ್ತು ಪುಟ ಪೇರಿಸಬೇಡಿ. ನಿಮ್ಮ ಪ್ರಶ್ನೆಗೆ ಹತ್ತಿರದ ಕೆಲವೇ ಪ್ರಬಂಧಗಳನ್ನು ತೆಗೆದುಕೊಂಡು, ಅವರಿಗಿಂತ ನೀವು ಏನು ಹೆಚ್ಚು ತಿಳಿದಿರಿ ಎಂದು ಹೇಳಿ.

ಕನ್ನಡ ಮಾಧ್ಯಮದಿಂದ ಬಂದವರು ಇಂಗ್ಲಿಷ್ ಬಗ್ಗೆ ಅಳುಕುತ್ತಾರೆ. ನಿಜ ಹೇಳಬೇಕೆಂದರೆ ಅರ್ಥಶಾಸ್ತ್ರದ ಪ್ರಬಂಧಕ್ಕೆ ಅಲಂಕಾರದ ಇಂಗ್ಲಿಷ್ ಬೇಡವೇ ಬೇಡ. ಚಿಕ್ಕ ವಾಕ್ಯ, ಒಂದು ವಾಕ್ಯಕ್ಕೆ ಒಂದು ವಿಚಾರ ಸಾಕು. ವಾದ ಕನ್ನಡದಲ್ಲಿ ಸ್ಪಷ್ಟವಾಗಿ ಹೊಳೆಯುತ್ತದೆ ಅಂದರೆ ಮೊದಲು ಕನ್ನಡದಲ್ಲೇ ಗೀಚಿಕೊಳ್ಳಿ. ಆದರೆ ಬೇರೆಯವರ ವಾಕ್ಯ ಎತ್ತಿ ಎರಡು ಪದ ಬದಲಿಸಬೇಡಿ. 2018ರ ಯುಜಿಸಿ ನಿಯಮದ ಪ್ರಕಾರ ಥೀಸಿಸ್‌ನಲ್ಲಿ ಶೇ. 10ಕ್ಕಿಂತ ಹೆಚ್ಚು ನಕಲು ಕಂಡರೆ ತಿದ್ದಿ ಮತ್ತೆ ಸಲ್ಲಿಸಬೇಕು. ಶೇ. 60 ದಾಟಿದರೆ ನೋಂದಣಿಯೇ ರದ್ದಾಗುತ್ತದೆ.

ಹಂತ 8: ಜರ್ನಲ್‌ಗೆ ಕಳಿಸುವ ಮುಂಚೆ

ಅರ್ಥಶಾಸ್ತ್ರದಲ್ಲಿ ಪ್ರಬಂಧ ಮೊದಲು ವರ್ಕಿಂಗ್ ಪೇಪರ್ ಆಗಿ ಹೊರಬರುತ್ತದೆ. ಅಂದರೆ ಇನ್ನೂ ಜರ್ನಲ್‌ನಲ್ಲಿ ಬಂದಿಲ್ಲ, ಆದರೆ ಎಲ್ಲರೂ ಓದಿ ಟೀಕೆ ಹೇಳಬಹುದಾದ ಆವೃತ್ತಿ. ನಿಮ್ಮ ಸಂಸ್ಥೆಯ ಸರಣಿಯಲ್ಲಿ ಅಥವಾ ಎಸ್‌ಎಸ್‌ಆರ್‌ಎನ್‌ನಂಥ ಜಾಲತಾಣದಲ್ಲಿ ಹಾಕಿ. ಸೆಮಿನಾರ್‌ಗಳಲ್ಲಿ ಮಂಡಿಸಿ. ಇಂಡಿಯನ್ ಇಕನಾಮೆಟ್ರಿಕ್ ಸೊಸೈಟಿಯ ವಾರ್ಷಿಕ ಸಮ್ಮೇಳನ, ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ನ ದೆಹಲಿ ಕೇಂದ್ರದ ವಾರ್ಷಿಕ ಸಮ್ಮೇಳನ ಇವುಗಳಿಗೆ ಯುವ ಸಂಶೋಧಕರು ಅರ್ಜಿ ಹಾಕಬಹುದು.

ಅರ್ಥಶಾಸ್ತ್ರದ ಸೆಮಿನಾರ್‌ನಲ್ಲಿ ಎರಡನೇ ಸ್ಲೈಡ್‌ಗೇ ಪ್ರಶ್ನೆಗಳು ಶುರುವಾಗುತ್ತವೆ. ನಡುವೆ ತಡೆದು ಕೇಳುತ್ತಾರೆ, ಜೋರಾಗಿ ಕೇಳುತ್ತಾರೆ. ಅವಮಾನ ಅಂದುಕೊಳ್ಳಬೇಡಿ. ಸ್ನೇಹಿತರೊಬ್ಬರಿಗೆ ಎಲ್ಲ ಪ್ರಶ್ನೆಗಳನ್ನು ಬರೆದುಕೊಳ್ಳಲು ಹೇಳಿ. ಅದೇ ಪ್ರಶ್ನೆಗಳನ್ನು ನಾಳೆ ರೆಫರಿ ಕೇಳುತ್ತಾರೆ.

ಹಂತ 9: ಜರ್ನಲ್

"ಟಾಪ್ ಫೈವ್" ಎಂಬ ಮಾತು ಕೇಳಿರುತ್ತೀರಿ. ಅಮೆರಿಕನ್ ಎಕನಾಮಿಕ್ ರಿವ್ಯೂ, ಕ್ವಾರ್ಟರ್ಲಿ ಜರ್ನಲ್ ಆಫ್ ಎಕನಾಮಿಕ್ಸ್, ಜರ್ನಲ್ ಆಫ್ ಪೊಲಿಟಿಕಲ್ ಎಕಾನಮಿ, ಇಕನಾಮೆಟ್ರಿಕಾ, ರಿವ್ಯೂ ಆಫ್ ಎಕನಾಮಿಕ್ ಸ್ಟಡೀಸ್ ಇವೇ ಆ ಐದು. ದೊಡ್ಡ ವಿಭಾಗಗಳಲ್ಲಿ ಕಾಯಂ ಹುದ್ದೆ ಸಿಗುವುದು ಬಿಡುವುದು ಬಹುಮಟ್ಟಿಗೆ ಇವುಗಳ ಮೇಲೆ ನಿಂತಿದೆ. 1970ರ ದಶಕದ ಕೊನೆಗೆ ಈ ಐದೂ ಸೇರಿ ವರ್ಷಕ್ಕೆ 400ರಷ್ಟು ಪ್ರಬಂಧ ಹಾಕುತ್ತಿದ್ದವು. 2012ರ ಹೊತ್ತಿಗೆ ಅದು 300ಕ್ಕೆ ಇಳಿದಿತ್ತು, ಬರುವ ಪ್ರಬಂಧಗಳು ಮಾತ್ರ ಏರುತ್ತಲೇ ಹೋದವು. ಸ್ವೀಕಾರದ ಪ್ರಮಾಣ ಶೇ. 15ರಿಂದ ಶೇ. 6ಕ್ಕೆ ಬಿತ್ತು ಎಂದು ಡೇವಿಡ್ ಕಾರ್ಡ್ ಮತ್ತು ಸ್ಟೆಫಾನೋ ಡೆಲ್ಲಾವಿಗ್ನಾ ಲೆಕ್ಕ ಹಾಕಿದ್ದಾರೆ. ಒಂದು ವೃತ್ತಿಯೇ ಐದು ಪತ್ರಿಕೆಗಳ ಬಾಗಿಲಲ್ಲಿ ಸಾಲು ನಿಲ್ಲುವುದು ಆರೋಗ್ಯಕರ ಅಲ್ಲ ಎಂಬುದು ನನ್ನ ಅಭಿಪ್ರಾಯ. ಒಳ್ಳೆಯ ಕೆಲಸ ಬೇರೆ ಕಡೆಯೂ ಬರುತ್ತದೆ. ಅಭಿವೃದ್ಧಿ ಅರ್ಥಶಾಸ್ತ್ರಕ್ಕೆ ಜರ್ನಲ್ ಆಫ್ ಡೆವಲಪ್‌ಮೆಂಟ್ ಎಕನಾಮಿಕ್ಸ್, ವರ್ಲ್ಡ್ ಡೆವಲಪ್‌ಮೆಂಟ್ ಇವೆ. ಭಾರತದ ನೀತಿ ಚರ್ಚೆಗೆ ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ, ಕೃಷಿಗೆ ಇಂಡಿಯನ್ ಜರ್ನಲ್ ಆಫ್ ಅಗ್ರಿಕಲ್ಚರಲ್ ಎಕನಾಮಿಕ್ಸ್ ಇವೆ. ನಿಮ್ಮ ಪ್ರಬಂಧದಲ್ಲಿ ನೀವು ಹೆಚ್ಚು ಉಲ್ಲೇಖಿಸಿದ ಪ್ರಬಂಧಗಳು ಎಲ್ಲಿ ಬಂದಿವೆ ನೋಡಿ. ನಿಮ್ಮ ಓದುಗರು ಅಲ್ಲೇ ಇದ್ದಾರೆ.

ಕಳಿಸಿದ ಮೇಲೆ ಏನಾಗುತ್ತದೆ? ಮೊದಲು ಸಂಪಾದಕರು ಓದುತ್ತಾರೆ. ಅಲ್ಲೇ ವಾಪಸು ಬಂದರೆ ಅದು ಡೆಸ್ಕ್ ರಿಜೆಕ್ಟ್. ಮುಂದೆ ಹೋದರೆ ಇಬ್ಬರು ಅಥವಾ ಮೂವರು ರೆಫರಿಗಳಿಗೆ, ಅಂದರೆ ಅದೇ ಕ್ಷೇತ್ರದ ಪರಿಣತರಿಗೆ ಹೋಗುತ್ತದೆ. ಅವರ ಹೆಸರು ನಿಮಗೆ ತಿಳಿಯುವುದಿಲ್ಲ. ವರದಿ ಬರಲು ಮೂರರಿಂದ ಆರು ತಿಂಗಳು, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ. ಆಮೇಲೆ ತಿರಸ್ಕಾರ, ಅಥವಾ "ಆರ್ ಅಂಡ್ ಆರ್". ಇದು "ತಿದ್ದಿ ಮತ್ತೆ ಕಳಿಸಿ" ಎಂಬ ಆಹ್ವಾನ. ಇದನ್ನು ನೋಡಿ ಬೇಸರ ಮಾಡಿಕೊಳ್ಳುವವರಿದ್ದಾರೆ. ಅದು ಸಿಹಿ ಸುದ್ದಿ! ಉಳಿದೆಲ್ಲ ಕೆಲಸ ಪಕ್ಕಕ್ಕಿಟ್ಟು ಅದಕ್ಕೆ ಕೂರಬೇಕು.

ಉತ್ತರ ಪತ್ರ ಬರೆಯುವಾಗ ರೆಫರಿಯ ಒಂದೊಂದು ಟೀಕೆಯನ್ನೂ ಹಾಗೇ ನಕಲಿಸಿ, ಅದರ ಕೆಳಗೆ ನೀವು ಏನು ಮಾಡಿದಿರಿ, ಯಾವ ಪುಟದಲ್ಲಿ ಎಂದು ಬರೆಯಿರಿ. ರೆಫರಿ ತಪ್ಪು ತಿಳಿದಿದ್ದರೆ, "ನಮ್ಮ ಬರವಣಿಗೆ ಸ್ಪಷ್ಟ ಇರಲಿಲ್ಲ" ಎಂದು ಆ ಭಾಗವನ್ನು ತಿದ್ದಿ. ಒಬ್ಬ ಪರಿಣತರೇ ತಪ್ಪು ತಿಳಿದರೆ ಬೇರೆ ಓದುಗರೂ ತಪ್ಪು ತಿಳಿಯುತ್ತಾರೆ. ಒಪ್ಪಲಾಗದ ಟೀಕೆಗೆ ಕಾರಣ ಕೊಟ್ಟು ವಿನಯದಿಂದ ಇಲ್ಲ ಅನ್ನಬಹುದು. ಯಾವುದನ್ನೂ ಉತ್ತರಿಸದೆ ದಾಟಿಸಬೇಡಿ.

ತಿರಸ್ಕಾರ ಬಂದರೆ? ಜಾರ್ಜ್ ಅಕರ್‌ಲಾಫ್ ಹಳೇ ಕಾರುಗಳ ಮಾರುಕಟ್ಟೆಯ ಬಗ್ಗೆ ಬರೆದ ಪ್ರಬಂಧವನ್ನು 1967ರಲ್ಲಿ ಕಳಿಸಿದರು. ಮಾರುವವನಿಗೆ ಗೊತ್ತಿರುವುದು ಕೊಳ್ಳುವವನಿಗೆ ಗೊತ್ತಿಲ್ಲದಿದ್ದರೆ ಮಾರುಕಟ್ಟೆಯೇ ಹೇಗೆ ಕುಸಿಯಬಹುದು ಎಂಬುದು ವಿಷಯ. ಮೊದಲ ತಿರಸ್ಕಾರ ಬಂದಾಗ ಅವರು ಒಂದು ವರ್ಷದ ಮಟ್ಟಿಗೆ ಭಾರತದಲ್ಲಿದ್ದರು. ಎರಡು ಜರ್ನಲ್‌ಗಳು ಇದು ತೀರಾ ಕ್ಷುಲ್ಲಕ ಎಂದವು. ಮೂರನೆಯದು, ಇದು ನಿಜವಾದರೆ ಅರ್ಥಶಾಸ್ತ್ರವೇ ಬೇರೆಯಾಗಬೇಕಾಗುತ್ತದೆ ಎಂಬ ಅರ್ಥದಲ್ಲಿ ಆಕ್ಷೇಪಿಸಿತು. ನಾಲ್ಕನೆಯ ಕಡೆ, ಕ್ವಾರ್ಟರ್ಲಿ ಜರ್ನಲ್‌ನಲ್ಲಿ, 1970ರಲ್ಲಿ ಬಂತು. 2001ರಲ್ಲಿ ನೊಬೆಲ್ ಬಂದದ್ದು ಆ ಕೆಲಸಕ್ಕೇ. ಹಾಗಂತ ತಿರಸ್ಕಾರವಾದ ಎಲ್ಲ ಪ್ರಬಂಧವೂ ಅಂಥದ್ದೇ ಅಲ್ಲ. ವರದಿಯನ್ನು ಒಂದು ವಾರ ಮುಚ್ಚಿಡಿ. ಆಮೇಲೆ ತೆರೆದು, ಸರಿ ಇರುವ ಟೀಕೆಗಳನ್ನು ತಿದ್ದಿ, ಮುಂದಿನ ಜರ್ನಲ್‌ಗೆ ಕಳಿಸಿ. ತಿದ್ದದೆ ಕಳಿಸಿದರೆ ಅದೇ ರೆಫರಿಯ ಕೈಗೇ ಮತ್ತೆ ಹೋಗಬಹುದು. ಕ್ಷೇತ್ರ ಚಿಕ್ಕದು.

ಕಡ್ಡಾಯವಾಗಿ ನೆನಪಿಡಿ: ಒಂದೇ ಪ್ರಬಂಧವನ್ನು ಒಟ್ಟಿಗೆ ಎರಡು ಜರ್ನಲ್‌ಗೆ ಕಳಿಸುವಂತಿಲ್ಲ. ಮತ್ತೆ, "ಒಂದು ವಾರದಲ್ಲಿ ಪ್ರಕಟಣೆ, ಶುಲ್ಕ ಇಷ್ಟು" ಎಂದು ಇಮೇಲ್ ಬಂದರೆ ಅಳಿಸಿಬಿಡಿ. ಓದದೆ ಅಚ್ಚು ಹಾಕಿ ದುಡ್ಡು ಕೀಳುವ ಇಂಥ ನಕಲಿ ಜರ್ನಲ್‌ಗಳಲ್ಲಿ ಬಂದ ಪ್ರಬಂಧ ನಿಮ್ಮ ಬಯೋಡೇಟಾದಲ್ಲಿ ಕಲೆಯಾಗಿ ಉಳಿಯುತ್ತದೆ. ಒಪ್ಪಬಹುದಾದ ಜರ್ನಲ್‌ಗಳನ್ನು ಹೆಸರಿಸುತ್ತಿದ್ದ ಯುಜಿಸಿ ಕೇರ್ ಪಟ್ಟಿಯನ್ನು 2025ರಲ್ಲಿ ಕೈಬಿಟ್ಟಿದ್ದಾರೆ. ಹಾಗಾಗಿ ಜರ್ನಲ್ ಒಳ್ಳೆಯದೋ ಅಲ್ಲವೋ ಎಂದು ನೋಡುವ ಹೊಣೆ ಈಗ ನಿಮ್ಮ ಮತ್ತು ನಿಮ್ಮ ಸಂಸ್ಥೆಯ ಮೇಲಿದೆ. ಸಂಪಾದಕ ಮಂಡಳಿಯಲ್ಲಿರುವವರ ಸ್ವಂತ ಪುಟಗಳಿಗೆ ಹೋಗಿ, ಅವರು ಈ ಜರ್ನಲ್‌ನ ಹೆಸರು ಹಾಕಿಕೊಂಡಿದ್ದಾರಾ ನೋಡಿ.

ಹಂತ 10: ಕೆಲಸ

ಸರ್ಕಾರಿ ಕಾಲೇಜು, ವಿಶ್ವವಿದ್ಯಾಲಯಗಳ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ನೆಟ್ ಅಥವಾ ರಾಜ್ಯಮಟ್ಟದ ಅರ್ಹತಾ ಪರೀಕ್ಷೆಯಾದ ಕೆಸೆಟ್ ಅರ್ಹತೆ ನೋಡುತ್ತಾರೆ. ಏಳನೇ ವೇತನ ಆಯೋಗದ ಯುಜಿಸಿ ದರದಲ್ಲಿ ಮೂಲ ವೇತನ ₹57,700ರಿಂದ ಶುರು. ಐಐಎಂ, ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್, ಹೊಸ ಖಾಸಗಿ ವಿಶ್ವವಿದ್ಯಾಲಯಗಳು ಪ್ರಕಟಣೆಯನ್ನೂ "ಜಾಬ್ ಮಾರ್ಕೆಟ್ ಪೇಪರ್" ಅನ್ನೂ ನೋಡುತ್ತವೆ. ಪಿಎಚ್.ಡಿ. ಮುಗಿಸುವವರು ತಮ್ಮ ಅತಿ ಒಳ್ಳೆಯ ಒಂದು ಪ್ರಬಂಧವನ್ನು ಮುಂದಿಟ್ಟು ಕೆಲಸ ಹುಡುಕುತ್ತಾರೆ, ಅದಕ್ಕೆ ಈ ಹೆಸರು. ಅಂತರರಾಷ್ಟ್ರೀಯ ಹುದ್ದೆಗಳಿಗೆ ಹೆಚ್ಚಿನ ಅರ್ಜಿಗಳು ನವೆಂಬರ್ ಸುತ್ತಮುತ್ತ ಹೋಗುತ್ತವೆ, ಸಂದರ್ಶನ ಡಿಸೆಂಬರ್-ಜನವರಿಯಲ್ಲಿ. ಅಕ್ಟೋಬರ್ ಒಳಗೆ ಪ್ರಬಂಧ ತಯಾರಿರಬೇಕು.

ಜಂಟಿಯಾಗಿ ಬರೆಯುವವರು ಒಂದು ವಿಷಯ ಗಮನಿಸಿ. ಅರ್ಥಶಾಸ್ತ್ರದಲ್ಲಿ ಲೇಖಕರ ಹೆಸರುಗಳನ್ನು ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ ಹಾಕುವ ರೂಢಿ. ಆದರೆ ಯುಜಿಸಿಯ 2018ರ ನಿಯಮದಲ್ಲಿ ಇಬ್ಬರಿಗಿಂತ ಹೆಚ್ಚು ಲೇಖಕರಿದ್ದರೆ ಮೊದಲ ಅಥವಾ ಪತ್ರವ್ಯವಹಾರದ ಲೇಖಕರಿಗೆ ಶೇ. 70 ಅಂಕ, ಉಳಿದವರಿಗೆ ತಲಾ ಶೇ. 30. ನಿಮ್ಮ ಹೆಸರು ವೈ ಅಕ್ಷರದಿಂದ ಶುರುವಾದರೆ ಬಡ್ತಿಯ ವೇಳೆ ನಷ್ಟ. ಕೆಲಸ ಶುರುವಾಗುವ ಮುಂಚೆಯೇ ಪತ್ರವ್ಯವಹಾರದ ಲೇಖಕರು ಯಾರು ಎಂದು ಮಾತಾಡಿಕೊಳ್ಳಿ. ಆಮೇಲೆ ಮಾತಾಡಿದರೆ ಸ್ನೇಹವೇ ಕೆಡುತ್ತದೆ.

ಕೊನೆಗೆ, ಪದೇ ಪದೇ ಬರುವ ಎರಡು ಪ್ರಶ್ನೆ

"ನನಗೆ ಮೂವತ್ತು ದಾಟಿದೆ, ತಡವಾಯ್ತಾ?" ಜೆಆರ್‌ಎಫ್‌ಗೆ ಮಾತ್ರ 30 ವರ್ಷದ ಮಿತಿ, ಅದರಲ್ಲೂ ಮಹಿಳೆಯರಿಗೆ, ಪರಿಶಿಷ್ಟ ಮತ್ತು ಹಿಂದುಳಿದ ವರ್ಗದವರಿಗೆ ಐದು ವರ್ಷ ಸಡಿಲಿಕೆ ಇದೆ. ಸಹಾಯಕ ಪ್ರಾಧ್ಯಾಪಕ ಅರ್ಹತೆಗೆ ನೆಟ್ ಬರೆಯಲು ವಯಸ್ಸಿನ ಮಿತಿ ಇಲ್ಲ. ಕಾಲೇಜಿನಲ್ಲಿ ಪಾಠ ಮಾಡುತ್ತಲೇ ಅರೆಕಾಲಿಕ ಪಿಎಚ್.ಡಿ. ಮಾಡಲೂ 2022ರ ನಿಯಮ ಅವಕಾಶ ಕೊಟ್ಟಿದೆ, ಕೆಲಸ ಮಾಡುವ ಕಡೆಯಿಂದ ನಿರಾಕ್ಷೇಪಣಾ ಪತ್ರ ಬೇಕು.

"ನಮ್ಮ ಕಾಲೇಜಿನಲ್ಲಿ ಜರ್ನಲ್‌ಗಳೇ ಇಲ್ಲ, ಓದೋದು ಹೇಗೆ?" 2025ರ ಜನವರಿಯಿಂದ ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್ ಯೋಜನೆಯಲ್ಲಿ ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು ತೆರೆದಿವೆ. ನಿಮ್ಮ ಕಾಲೇಜು ನೋಂದಾಯಿಸಿದೆಯಾ ಎಂದು ಗ್ರಂಥಪಾಲಕರನ್ನು ಕೇಳಿ. ಇಲ್ಲದಿದ್ದರೆ ಮಾಡಿಸಿ. ಅದೂ ಆಗದಿದ್ದರೆ ಪ್ರಬಂಧದ ಹೆಸರಿನ ಜತೆ "ವರ್ಕಿಂಗ್ ಪೇಪರ್" ಎಂದು ಸೇರಿಸಿ ಹುಡುಕಿ. ಅರ್ಥಶಾಸ್ತ್ರದಲ್ಲಿ ಹೆಚ್ಚಿನ ಪ್ರಬಂಧಗಳ ಉಚಿತ ಆವೃತ್ತಿ ಎಲ್ಲಾದರೂ ಇದ್ದೇ ಇರುತ್ತದೆ. ಅಲ್ಲೂ ಸಿಗದಿದ್ದರೆ ಲೇಖಕರಿಗೇ ಎರಡು ಸಾಲಿನ ಇಮೇಲ್ ಬರೆಯಿರಿ, ಬಹಳಷ್ಟು ಜನ ಕಳಿಸಿಕೊಡುತ್ತಾರೆ.